ನಮ್ಮ ಸಂತೆಯಲ್ಲಿ ಕೂರುತ್ತಿದ್ದವರು

ಬೆಳ್ಳಿಹಬ್ಬದ ಸಂಚಿಕೆಗೆ ಸಂಘದ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ಮೊದಲ ದಿನ ಎಷ್ಟು ಲೀಟರ್ ಹಾಲು ಬಂತು, ಈಗ ಎಷ್ಟು ಬರುತ್ತಿದೆ, ಯಾರ್ಯಾರು ಅಧ್ಯಕ್ಷರಾಗಿದ್ದರು, ಕಟ್ಟಡ ಯಾವಾಗ ಆಯಿತು ಎಂಬುದೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಬರುತ್ತದೆ. ಅದನ್ನೇ ನಾನು ಇನ್ನೊಂದು ಸಲ ಬರೆದರೆ ಓದುವವರಿಗೂ ಬೇಸರ. ಆದ್ದರಿಂದ ಡೇರಿ ಬರುವುದಕ್ಕೆ ಮುಂಚಿನ ಮಾತನ್ನು ಇಲ್ಲಿ ಬರೆಯುತ್ತೇನೆ. ಆಗ ನಮ್ಮ ಹಾಲು, ನಮ್ಮ ಸೊಪ್ಪು, ನಮ್ಮ ಮಡಕೆ ಕುಕ್ಕೆ ಎಲ್ಲ ಎಲ್ಲಿಗೆ ಹೋಗುತ್ತಿದ್ದವು? ಸಂತೆಗೆ. ಅಲ್ಲಿ ಕೂತು ಮಾರುತ್ತಿದ್ದವರು ಯಾರು, ಅವರೆಲ್ಲ ಏನಾದರು ಎಂಬುದೇ ಈ ಲೇಖನದ ವಿಷಯ.

ಸಂತೆ ಎಂಬುದು ನಿನ್ನೆ ಮೊನ್ನೆಯದಲ್ಲ. ನಮ್ಮ ಸುತ್ತಮುತ್ತಲ ಊರಿನ ಹೆಸರುಗಳನ್ನೇ ನೋಡಿ. ಚನ್ನರಾಯಪಟ್ಟಣದ ಕಡೆ ಸಂತೆಶಿವರ, ಸಕಲೇಶಪುರ ತಾಲ್ಲೂಕಿನಲ್ಲಿ ಶುಕ್ರವಾರಸಂತೆ, ಗಡಿ ದಾಟಿ ಕೊಡಗಿಗೆ ಕಾಲಿಟ್ಟರೆ ಶನಿವಾರಸಂತೆ, ಸೋಮವಾರಪೇಟೆ. ಊರಿಗೆ ಮೊದಲು ಸಂತೆಯೋ ಸಂತೆಗೆ ಮೊದಲು ಊರೋ ಎಂದು ಕೇಳುವ ಹಾಗಿದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತು. ಹಳೇಬೀಡು ಆಗ ದೋರಸಮುದ್ರವೆಂಬ ರಾಜಧಾನಿ. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಕೂಡಿಸಿ 1902ರಲ್ಲಿ ಅಚ್ಚು ಹಾಕಿಸಿದರು. ಆ ಕಾಲದ ಶಾಸನಗಳಲ್ಲಿ ಪಟ್ಟಣಸ್ವಾಮಿಗಳು, ನಕರದವರು, ಅಯ್ಯಾವೊಳೆಯ ಐನೂರ್ವರು ಎಂದು ದೊಡ್ಡ ವ್ಯಾಪಾರಿಗಳ ಹೆಸರು ಬರುತ್ತದೆ, ದೇವರ ದೀಪಕ್ಕೆ ಗಾಣದ ಎಣ್ಣೆ ಬಿಟ್ಟದ್ದು ಬರುತ್ತದೆ, ಸುಂಕ ಬಿಟ್ಟದ್ದು ಬರುತ್ತದೆ. ಕುಕ್ಕೆ ಹೊತ್ತು ಬಂದು ನೆಲದ ಮೇಲೆ ಕೂತವರ ಹೆಸರನ್ನು ಮಾತ್ರ ಕಲ್ಲಿನ ಮೇಲೆ ಕೆತ್ತಿಸುವವರಿರಲಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ನಮಗೆಲ್ಲ ಸಂತೋಷವೇ. ಗೈಡುಗಳು ಶಿಲಾಬಾಲಿಕೆಯರ ಒಂದೊಂದು ಬಳೆಯನ್ನೂ ತೋರಿಸಿ ವಿವರಿಸುತ್ತಾರೆ. ಆ ಶಿಲ್ಪಿಗಳಿಗೆ ರಾಗಿ, ಸೊಪ್ಪು, ಉಪ್ಪು ತಂದು ಮಾರಿದವರು ಯಾರೆಂದು ಯಾರೂ ಕೇಳುವುದಿಲ್ಲ. ಇರಲಿ.

ನಮ್ಮ ಬೇಲೂರು ತಾಲ್ಲೂಕು ಒಂದು ಅಂಚಿನ ಸೀಮೆ. ಪಡುವಲಿಗೆ ಅರೇಹಳ್ಳಿ, ಬಿಕ್ಕೋಡಿನ ಕಡೆ ಕಾಫಿ, ಏಲಕ್ಕಿ, ಮಳೆ. ಮೂಡಲಿಗೆ ಹಳೇಬೀಡು, ಮಾದಿಹಳ್ಳಿಯ ಕಡೆ ರಾಗಿ, ಜೋಳ, ಆಲೂಗಡ್ಡೆ, ಇನ್ನೂ ಆಚೆ ಅರಸೀಕೆರೆಯ ತೆಂಗು. ಮಲೆನಾಡಿನವರಿಗೆ ಬಯಲುಸೀಮೆಯ ಕಾಳುಕಡಿ ಬೇಕು, ಬಯಲಿನವರಿಗೆ ಮಲೆನಾಡಿನ ಮೆಣಸು, ಬಾಳೆ, ಬಿದಿರು ಬೇಕು. ಎರಡೂ ಕಡೆಯವರು ಸೇರುವ ಜಾಗ ಸಂತೆಮಾಳ. ಅದಕ್ಕೇ ನಮ್ಮ ಸೀಮೆಯ ಸಂತೆಗಳಿಗೆ ಅಷ್ಟೊಂದು ಕಳೆ ಇತ್ತು.

ಎಲ್ಲರಿಗಿಂತ ಮೊದಲು ಸಂತೆ ಬಿಟ್ಟವರು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬರುತ್ತಿದ್ದ ಲಂಬಾಣಿಗಳು. ಕರಾವಳಿಯಿಂದ ಘಟ್ಟ ಹತ್ತಿಸಿ ಉಪ್ಪು ತರುವುದು, ಇಲ್ಲಿಂದ ದವಸ ಹೇರಿಕೊಂಡು ಇಳಿಯುವುದು ಅವರ ಕಸುಬು. 1889ರಲ್ಲಿ ಬೆಂಗಳೂರಿನಿಂದ ಅರಸೀಕೆರೆಯ ಮೇಲೆ ಹರಿಹರದವರೆಗೆ ರೈಲು ಓಡತೊಡಗಿತು. ಆಮೇಲೆ ಘಾಟಿಗಳಲ್ಲಿ ಗಾಡಿ ರಸ್ತೆ, ಮೋಟಾರು ರಸ್ತೆ ಬಂದವು. ನೂರಾರು ಎತ್ತಿನ ಹೇರು ಒಂದೇ ಡಬ್ಬಿಯಲ್ಲಿ ಬರುವಾಗ ಎತ್ತು ಕಟ್ಟಿಕೊಂಡವನು ಏನು ಮಾಡಬೇಕು? ಅವರು ತಾಂಡಾಗಳಲ್ಲಿ ನೆಲೆನಿಂತರು, ಕೂಲಿ ಹುಡುಕಿಕೊಂಡರು. ಇದೆಲ್ಲ ನಮ್ಮ ಮುತ್ತಜ್ಜಂದಿರ ಕಾಲದ್ದು. ಆದರೆ ಒಂದು ಹೊಸ ಸೌಕರ್ಯ ಬಂದಾಗಲೆಲ್ಲ ಸಂತೆಯ ಒಂದು ಸಾಲು ಖಾಲಿಯಾಗುವುದು ಅಲ್ಲಿಂದಲೇ ಶುರುವಾಯಿತು ಎನ್ನಬಹುದು.

ಗಾಣಿಗರ ಸಾಲು ಹಾಗೇ ಹೋಯಿತು. ಹುಚ್ಚೆಳ್ಳೆಣ್ಣೆ ಒಗ್ಗರಣೆಗೆ, ಹರಳೆಣ್ಣೆ ತಲೆಗೆ, ಹೊಂಗೆ ಎಣ್ಣೆ ದೀಪಕ್ಕೆ. ದೀಪದ ಎಣ್ಣೆಯನ್ನು ಸೀಮೆಎಣ್ಣೆ ಕಿತ್ತುಕೊಂಡಿತು, ಒಗ್ಗರಣೆಯದನ್ನು ಮಿಲ್ಲು, ಅದರ ಹಿಂದೆಯೇ ಪಾಮಾಯಿಲು. ಕುಂಬಾರರ ಮಡಕೆಗೆ ಅಲ್ಯೂಮಿನಿಯಂ ಬಂತು, ಸ್ಟೀಲು ಬಂತು. ಬೇಸಿಗೆಯ ನೀರಿನ ಗಡಿಗೆ, ಹಬ್ಬದ ಹಣತೆ ಇಷ್ಟರಲ್ಲಿ ಅವರ ವ್ಯಾಪಾರ ಮುಗಿಯುತ್ತದೆ. ಮೇದರ ಮೊರ, ಕುಕ್ಕೆ, ಮಂಕರಿಗೆ ಪ್ಲಾಸ್ಟಿಕ್ಕು ಒಂದು ಕಡೆಯಾದರೆ ಕಾಡಿನ ಬಿದಿರು ಸಿಗದಿದ್ದದ್ದು ಇನ್ನೊಂದು ಕಡೆ. ಹೊಲದ ಬದುವಿನಲ್ಲಿ ಬೆಳೆದ ಬಿದಿರನ್ನು ಕಡಿಯಲಿಕ್ಕೂ ಕಾನೂನಿನ ತೊಡಕಿತ್ತು. ಅರಣ್ಯದ ಹೊರಗಿನ ಬಿದಿರನ್ನು ಮರ ಎಂಬ ಲೆಕ್ಕದಿಂದ ತೆಗೆದದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಬಿದಿರು ಸೀಳುವ ಕೈಗಳೇ ಕಡಿಮೆಯಾಗಿದ್ದವು.

ಕಂಬಳಿಯ ಮಾತು ಸ್ವಲ್ಪ ಬೇರೆ. ಬಯಲುಸೀಮೆಯ ಕುರುಬರು ನೇಯ್ದ ಕರಿ ಕಂಬಳಿಗೆ ಮಲೆನಾಡೇ ದೊಡ್ಡ ಗಿರಾಕಿ. ಮುಂಗಾರಿನಲ್ಲಿ ಗದ್ದೆಗೆ, ತೋಟಕ್ಕೆ ಹೋಗುವವರು ಕಂಬಳಿ ಕೊಪ್ಪೆ ಹಾಕಿಕೊಂಡೇ ಹೋಗಬೇಕು. ಎಷ್ಟು ನೆನೆದರೂ ಒಳಗೆ ಬೆಚ್ಚಗಿರುತ್ತದೆ. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಮಳೆಗಾಲದ ಆ ವ್ಯಾಪಾರ ಬಿದ್ದುಹೋಯಿತು. ಈಗ ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಹಾಸಲು ಕಂಬಳಿ ಬೇಕೆಂದರೆ ಹುಡುಕಿಕೊಂಡು ಹೋಗಬೇಕಾಗಿದೆ.

ಇಷ್ಟೊಂದು ಜನ ವಾರವಾರ ಬಂದು ಮಾರಿ ಹೋಗುವುದಕ್ಕೆ ಕೊಳ್ಳುವವರೂ ಬೇಕಲ್ಲ. ಕಾಫಿ ತೋಟದ ಆಳುಗಳೇ ನಮ್ಮ ಸಂತೆಯ ಬೆನ್ನೆಲುಬು. ತೋಟಗಳಲ್ಲಿ ವಾರದ ರಜೆ ಎಂದರೆ ಸಂತೆಯ ದಿನ, ಬಟವಾಡೆಯೂ ಅದಕ್ಕೆ ಹೊಂದಿಕೊಂಡೇ. ಕೂಲಿ ಕೈಗೆ ಬಂದ ಕೂಡಲೆ ಸಂತೆಗೆ. ಮಳೆ ಹಿಡಿದು ಕೆಲಸ ನಿಂತ ವಾರಗಳಲ್ಲಿ ಸಾಲ ಕೊಡುತ್ತಿದ್ದವರೂ ಈ ಮಾರುವವರೇ. ಉಪ್ಪು, ಮೆಣಸಿನಕಾಯಿ, ಒಣಮೀನು ಕೊಟ್ಟು "ಬರೋ ಸಂತೆಗೆ ಕೊಡೀವಂತೆ ಹೋಗವ್ವ" ಎನ್ನುತ್ತಿದ್ದರು. ಚೀಟಿಯಿಲ್ಲ, ಸಹಿಯಿಲ್ಲ. ಕೊಟ್ಟವಳಿಗೂ ನೆನಪು, ಕೊಂಡವಳಿಗೂ ನೆನಪು. ನಮ್ಮಂಥ ಸಂಘಗಳು ಜಾಮೀನುದಾರರ ಸಹಿ, ಪಹಣಿ ಎಲ್ಲ ಕೇಳಿಯೂ ಸುಸ್ತಿ ಸಾಲಕ್ಕೆ ನೋಟೀಸು ಕಳಿಸುತ್ತಿರುವಾಗ ಇದನ್ನು ನೆನೆಸಿಕೊಂಡರೆ ಆಶ್ಚರ್ಯವೇ ಆಗುತ್ತದೆ.

ಹಾಗೆಂದು ಹಳೆಯ ಸಂತೆ ಧರ್ಮರಾಜನ ಕಾಲದ್ದೆಂದು ತಿಳಿಯಬೇಡಿ. ತೂಕದ ಮೋಸ ಧಾರಾಳವಾಗಿತ್ತು. ಇಪ್ಪತ್ತನಾಲ್ಕು ರೂಪಾಯಿ ತೂಕದ ಕಚ್ಚಾ ಸೇರು, ಅಂದರೆ ಸುಮಾರು 280 ಗ್ರಾಂ, ಒಂದು ಲೆಕ್ಕ. ಅಳತೆಯ ಸೇರು, ಪಾವು, ಬಳ್ಳ, ಕೊಳಗ ಇನ್ನೊಂದು ಲೆಕ್ಕ. ಕೊಳ್ಳುವಾಗ ಒಂದು ಸೇರು, ಮಾರುವಾಗ ಒಂದು ಸೇರು ಇಟ್ಟುಕೊಂಡಿದ್ದ ಸಾಹುಕಾರರ ಕಥೆ ಹಿರಿಯರು ಇಂದಿಗೂ ಹೇಳುತ್ತಾರೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದಾಗ, 1958ರಿಂದ ಹಂತಹಂತವಾಗಿ ಕಿಲೋ ಲೀಟರು ಬಂದಾಗ ಆಣೆ ಸೇರಿನ ಲೆಕ್ಕ ಬಾಯಲ್ಲಿದ್ದ ಹೆಂಗಸರಿಗೆ ತಲೆಕೆಟ್ಟು ಹೋಗಿತ್ತಂತೆ. ಇನ್ನು ಸುಂಕ. ಸಂತೆಯ ಸುಂಕವನ್ನು ಹರಾಜಿನಲ್ಲಿ ಹಿಡಿದವನು ಕುಕ್ಕೆಗಿಷ್ಟು ಎಂದು ವಸೂಲಿ ಮಾಡುತ್ತಿದ್ದ. ಎರಡು ಕಟ್ಟು ಸೊಪ್ಪು ತಂದವಳಿಗೂ ಒಂದೇ, ಕುಕ್ಕೆ ತುಂಬ ತಂದವಳಿಗೂ ಒಂದೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈಗ ಬೆಣ್ಣೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಘಕ್ಕೆ ನೇರವಾಗಿ ಸಂಬಂಧಪಟ್ಟದ್ದು ಇದೇ.

ಡೇರಿ ಇಲ್ಲದ ಕಾಲದಲ್ಲಿ ಹಳ್ಳಿಯ ಹಾಲಿಗೆ ಬೆಲೆಯಿರಲಿಲ್ಲ, ಬೆಣ್ಣೆಗೆ ಇತ್ತು. ಹಾಲು ಸಂಜೆಗೆ ಕೆಡುತ್ತದೆ, ಬೆಣ್ಣೆ ವಾರ ತಡೆಯುತ್ತದೆ. ನಾಟಿ ಹಸುವೋ ಎಮ್ಮೆಯೋ ಕೊಟ್ಟ ಒಂದೆರಡು ಸೇರು ಹಾಲನ್ನು ಕಾಯಿಸಿ, ಹೆಪ್ಪು ಹಾಕಿ, ಬೆಳಗಿನ ಜಾವ ಎದ್ದು ಕಡಗೋಲಿನಿಂದ ಕಡೆದು, ಬಂದ ಬೆಣ್ಣೆಯನ್ನು ತಣ್ಣೀರಿನಲ್ಲಿ ತೇಲಿಬಿಟ್ಟು, ದಿನಾ ನೀರು ಬದಲಾಯಿಸಿ ಸಂತೆಯ ದಿನದವರೆಗೆ ಕಾಪಾಡುವುದು. ಆ ದಿನ ಉಂಡೆ ಕಟ್ಟಿ, ಬಾಳೆಲೆ ಮುಚ್ಚಿ, ತಲೆಯ ಮೇಲೆ ಹೊತ್ತು ನಾಲ್ಕೈದು ಮೈಲಿ ನಡೆಯುವುದು. ಜೊತೆಗೆ ಒಂದಿಷ್ಟು ಬೆರಕೆ ಸೊಪ್ಪು, ಕೋಳಿಮೊಟ್ಟೆ, ಸೀಗೆಕಾಯಿ, ಹುಣಸೆಹಣ್ಣು. ಬಿಸಿಲೇರಿದರೆ ಬೆಣ್ಣೆ ಕರಗುತ್ತದೆ, ಹಾಗಾಗಿ ಬೆಣ್ಣೆಯವರು ಎಲ್ಲರಿಗಿಂತ ಮೊದಲು ಬಂದು ಮರದ ನೆರಳು ಹಿಡಿಯುತ್ತಿದ್ದರು.

"ಏನವ್ವಾ, ಬೆಣ್ಣೆ ಹೆಂಗೆ ಕೊಟ್ಟೆ?"

"ಮೊದ್ಲು ಮೂಸಿ ನೋಡು ಕಣಪ್ಪ. ಆಮೇಕೆ ರೇಟು ಕೇಳೀವಂತೆ."

ಹೋಟೆಲಿನವರು, ತುಪ್ಪ ಕಾಯಿಸಿ ಮಾರುವವರು, ತೋಟದ ಬಂಗಲೆಯವರು ಇವರ ಗಿರಾಕಿಗಳು. ಹೊತ್ತೇರಿದಂತೆ ಬೆಲೆ ಇಳಿಯುತ್ತಿತ್ತು. ಕರಗುವ ಮಾಲು ಎಂದು ಕೊಳ್ಳುವವನಿಗೂ ಗೊತ್ತು. ಮಧ್ಯಾಹ್ನದವರೆಗೆ ಕಾದು ಅರ್ಧ ಬೆಲೆಗೆ ಹೊಡೆದುಕೊಂಡು ಹೋಗುವವರೂ ಇದ್ದರು. ಇಷ್ಟೆಲ್ಲ ಆದರೂ ಬಂದ ದುಡ್ಡು ಅವಳದೇ. ರಾಗಿ ಮಾರಿದ ದುಡ್ಡು, ಆಲೂಗಡ್ಡೆ ದುಡ್ಡು, ಕೊಬ್ಬರಿ ದುಡ್ಡು ಗಂಡಸಿನ ಜೇಬಿಗೆ ಹೋಗುತ್ತಿತ್ತು. ಬೆಣ್ಣೆ ದುಡ್ಡು ಸೆರಗಿನ ಗಂಟಿಗೆ. ಅದರಲ್ಲಿ ಉಪ್ಪು ಮೆಣಸಿನಕಾಯಿ, ಮಕ್ಕಳಿಗೆ ಕಳ್ಳೆಪುರಿ, ತನಗೆ ಬಳೆ, ಮಿಕ್ಕಿದ್ದು ಡಬ್ಬಿಯ ತಳಕ್ಕೆ. ಎಷ್ಟು ಹುಡುಗರ ಪರೀಕ್ಷೆಯ ಫೀಜು ಆ ಡಬ್ಬಿಯಿಂದ ಬಂದಿದೆಯೋ ಅವರವರಿಗೇ ಗೊತ್ತು.

ಇನ್ನೊಂದು ಮಾತಿದೆ. ಬೆಣ್ಣೆ ಮಾರಿದರೆ ಮಜ್ಜಿಗೆ ಮನೆಯಲ್ಲೇ ಉಳಿಯುತ್ತದೆ. ಮಜ್ಜಿಗೆ ಮಾರಬಾರದು ಎಂಬುದು ಹಳ್ಳಿಯ ಕಟ್ಟಳೆ. ಹಸುವಿಲ್ಲದ ಮನೆಯವರು ಬೆಳಗ್ಗೆ ಚೊಂಬು ಹಿಡಿದು ಬಂದರೆ ಇಲ್ಲ ಎನ್ನುವಂತಿರಲಿಲ್ಲ. ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಉಂಡು ಬೆಳೆದ ಮಕ್ಕಳು ಎಷ್ಟೋ.

1946ರಲ್ಲಿ ಗುಜರಾತಿನ ಆನಂದ್‌ನಲ್ಲಿ ಹಾಲಿನ ಒಕ್ಕೂಟ ಆರಂಭವಾಯಿತು, 1970ರಲ್ಲಿ ಕ್ಷೀರಕ್ರಾಂತಿಯ ಯೋಜನೆ ಬಂತು, 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲೂ ಡೇರಿ ಅಭಿವೃದ್ಧಿ ನಿಗಮ ಆಯಿತು. ಹಾಸನ ಹಾಲು ಒಕ್ಕೂಟ 1977ರದ್ದು. ನಿಗಮವೇ 1984ರಲ್ಲಿ ಕೆ.ಎಂ.ಎಫ್. ಆಯಿತು. ಊರೂರಿಗೆ ಸಂಘಗಳಾದವು, ಮಿಶ್ರತಳಿ ಹಸುಗಳು ಬಂದವು. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಸಾಲು ನಿಲ್ಲುವುದು, ಜಿಡ್ಡಿನ ಅಂಶ ನೋಡಿ ದರ, ವಾರಪ್ಪತ್ತಿಗೊಮ್ಮೆ ಬಟವಾಡೆ. ಮಳೆ ಕೈಕೊಟ್ಟ ವರ್ಷಗಳಲ್ಲಿ, ಆಲೂಗಡ್ಡೆಗೆ ಅಂಗಮಾರಿ ಬಂದು ಹೊಲ ಕಪ್ಪಾದ ವರ್ಷಗಳಲ್ಲಿ ನಮ್ಮ ಎಷ್ಟೋ ಮನೆಗಳ ಒಲೆ ಉರಿಸಿದ್ದು ಹಾಲಿನ ದುಡ್ಡೇ. 2008ರಿಂದ ಸರ್ಕಾರದ ಪ್ರೋತ್ಸಾಹಧನವೂ ಸೇರಿತು. ಬಿಸಿಲಿಗೆ ಕರಗುವ ಬೆಣ್ಣೆ ಹಿಡಿದುಕೊಂಡು ಕೊಳ್ಳುವವನ ಮುಖ ನೋಡುವ ಕಷ್ಟ ತಪ್ಪಿತು. ಇದನ್ನು ಸಂಘದ ಹೆಮ್ಮೆ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಸಂತೆಯ ಬೆಣ್ಣೆ ಸಾಲು ಮುಚ್ಚಿದ್ದು ನಮ್ಮಿಂದಲೇ ಎಂಬುದನ್ನೂ ಹೇಳಬೇಕು. ಹಾಲೆಲ್ಲ ಕ್ಯಾನಿಗೆ ಹೋದ ಮೇಲೆ ಕಡೆಯುವುದೇನು? ಕಡೆಯದಿದ್ದರೆ ಮಜ್ಜಿಗೆ ಎಲ್ಲಿಂದ ಬರಬೇಕು? ಚೊಂಬು ಹಿಡಿದು ಬರುವವರು ತಾವಾಗಿ ನಿಂತರು. ದುಡ್ಡಿನ ದಾರಿಯೂ ಬದಲಾಯಿತು. ಹಸುವಿಗೆ ಹುಲ್ಲು ತರುವವಳು, ಸಗಣಿ ಬಾಚುವವಳು, ಹಾಲು ಕರೆಯುವವಳು ಅವಳೇ. ಎಷ್ಟೋ ಮನೆಗಳಲ್ಲಿ ಸದಸ್ಯತ್ವ ಮಾತ್ರ ಗಂಡನ ಹೆಸರಿನಲ್ಲಿ, ಪಾಸ್‌ಬುಕ್ಕೂ ಅವನದೇ. ಸೆರಗಿನ ಗಂಟಿಗೆ ಬರುತ್ತಿದ್ದ ದುಡ್ಡು ಖಾತೆಗೆ ಹೋಗಿ ಗಂಡಸಿನ ದುಡ್ಡಾಯಿತು. ಈ ಕೊರತೆ ಕಂಡೇ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳನ್ನು ಬೇರೆಯಾಗಿ ಮಾಡಿದರು. ನಮ್ಮಂಥ ಸಾಮಾನ್ಯ ಸಂಘದಲ್ಲೂ ಹಸು ಸಾಕುವವರ ಹೆಸರಿಗೇ ಷೇರು ಮಾಡಿಸಲು ಯಾವ ಅಡ್ಡಿಯೂ ಇಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಬಂದರೆ ಯಾರೂ ಸಿಟ್ಟಾಗಬಾರದು.

ಸಂತೆ ಈಗಲೂ ಸೇರುತ್ತದೆ. ಕೂತವರು ಬದಲಾಗಿದ್ದಾರೆ. ಮೈಸೂರು ಸಂಸ್ಥಾನದ 1939ರ ಮಾರುಕಟ್ಟೆ ಕಾಯ್ದೆ, ಆಮೇಲೆ 1966ರ ಎ.ಪಿ.ಎಂ.ಸಿ. ಕಾಯ್ದೆ ಬಂದು ದೊಡ್ಡ ಮಾಲೆಲ್ಲ ಯಾರ್ಡಿಗೆ ಹೋಯಿತು. ತೆಂಗಿನಕಾಯಿ ಅರಸೀಕೆರೆಗೆ, ಕೊಬ್ಬರಿ ತಿಪಟೂರಿಗೆ, ಆಲೂಗಡ್ಡೆ ಹಾಸನಕ್ಕೆ. ಅಲ್ಲಿಂದ ಸಗಟಿನಲ್ಲಿ ತರಕಾರಿ ತಂದು ಸಂತೆಯಲ್ಲಿ ಗುಡ್ಡೆ ಹಾಕುವವರೇ ಈಗ ಹೆಚ್ಚು. ತಾನು ಬೆಳೆದದ್ದನ್ನು ತಾನೇ ತಂದು ಮಾರುವವರು ಮೂಲೆಯಲ್ಲಿ ಬೆರಳೆಣಿಕೆಯಷ್ಟು. ತಮಾಷೆಯೆಂದರೆ ಪಂಜಾಬಿನಲ್ಲಿ 1987ರಲ್ಲಿ ಅಪ್ನಿ ಮಂಡಿ, 1999ರಲ್ಲಿ ತಮಿಳುನಾಡಿನಲ್ಲಿ ಉಳವರ್ ಸಂದೈ, ಆಂಧ್ರದಲ್ಲಿ ರೈತು ಬಜಾರ್ ಎಂದು ಸರ್ಕಾರಗಳೇ ಮುಂದೆ ನಿಂತು, ರೈತನಿಗೆ ಗುರುತಿನ ಚೀಟಿ ಕೊಟ್ಟು, ಮಧ್ಯವರ್ತಿಯಿಲ್ಲದೆ ಮಾರಲು ಜಾಗ ಮಾಡಿಕೊಟ್ಟವು. ನಮ್ಮ ಅಜ್ಜಿಯರು ಚೀಟಿಯಿಲ್ಲದೆ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ? ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾಯ್ದೆ 2014ರಲ್ಲಿ ಬಂತು. 2020ರ ಮಾರ್ಚಿಯಲ್ಲಿ ಕೊರೋನಾದಿಂದಾಗಿ ಸಂತೆ ನಿಂತಾಗ ಮನೆಯಲ್ಲಿ ಕೂತ ವಯಸ್ಸಾದವರಲ್ಲಿ ಹಲವರು ತೆರೆದ ಮೇಲೂ ಬರಲಿಲ್ಲ. ಅವರ ಜಾಗಕ್ಕೆ ತರಕಾರಿಯ ಆಟೋಗಳು ಮೈಕು ಹಾಕಿಕೊಂಡು ಮನೆ ಬಾಗಿಲಿಗೇ ಬರುತ್ತಿವೆ.

ಈ ಲೇಖನಕ್ಕಾಗಿ ಊರಿನ ಹಿರಿಯರನ್ನು ವಿಚಾರಿಸಿದೆ. ಸಂತೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂಬುದು ಅವರಿಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಸರು ಕೇಳಿದರೆ ಬೆಣ್ಣೆ ಅವ್ವ, ಉಪ್ಪಿನ ಸಾಬರು, ಮೊರದ ಅಜ್ಜಿ, ಎಲೆ ಅಡಿಕೆ ತಾಯಿ ಎನ್ನುತ್ತಾರೆ. ಮಾಲೇ ಹೆಸರಾಗಿ ಉಳಿದಿದೆ, ಅಪ್ಪ ಅಮ್ಮ ಇಟ್ಟ ಹೆಸರು ಮರೆತುಹೋಗಿದೆ. ಪಂಚಾಯ್ತಿಯಲ್ಲಿ ಸಿಗುವುದು ಸುಂಕದ ಹರಾಜು ಹಿಡಿದವನ ಹೆಸರು. ನಿಮ್ಮ ಮನೆಯಲ್ಲಿ ಸಂತೆಗೆ ಹೋಗಿ ಮಾರುತ್ತಿದ್ದ ಅಜ್ಜಿಯೋ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಅವರ ಹೆಸರು, ಊರು, ಏನು ಮಾರುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಹಾಲು ಹಾಕಲು ಬರುವಾಗ ಸಂಘದ ಕಚೇರಿಗೆ ತಂದುಕೊಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಸಾಕು, ಬರೆದುಕೊಳ್ಳಲು ಕಾರ್ಯದರ್ಶಿಗಳು ಒಪ್ಪಿದ್ದಾರೆ.