ಜಡೆ, ಹೆರಳು ಮತ್ತು ರವಿವಾರ

ನಮ್ಮ ಠಾಕುರ್ಲಿಯ ಮನೆಯಲ್ಲಿ ವಾರಕ್ಕೊಮ್ಮೆ, ರವಿವಾರ ಬೆಳಿಗ್ಗೆ, ಒಂದು ಸಣ್ಣ ಭಾಷಾವಿವಾದ ನಡೆಯುತ್ತದೆ. ನಾನು ಹಾಸನ ಜಿಲ್ಲೆಯವಳು. ಎಣ್ಣೆಯ ಬಟ್ಟಲು ಹಿಡಿದು, "ಬಾರೇ, ಜಡೆ ಹಾಕ್ತೀನಿ" ಎಂದು ಮಗಳನ್ನು ಕರೆಯುತ್ತೇನೆ. ಧಾರವಾಡದವರಾದ ನಮ್ಮ ಅತ್ತೆಯವರು ಒಳಗಿನಿಂದಲೇ, "ಜಡಿ ಅನಬ್ಯಾಡ, ಹೆರಳು ಅನ್ನು. ಜಡಿ ಇರೂದು ಸನ್ಯಾಸಿಗೆ" ಎಂದು ತಿದ್ದುತ್ತಾರೆ. ಎದುರು ಮನೆಯ ಮರಾಠಿ ವಹಿನಿಗೆ ಅದು ವೇಣಿ. ಹದಿನೈದು ವರ್ಷದ ಮಗಳಿಗೆ ಮಾತ್ರ ಈ ಮೂರೂ ಬೇಡ, ಕತ್ತರಿ ಬೇಕು. ಕುತ್ತಿಗೆಯವರೆಗೆ ಕತ್ತರಿಸಿಕೊಳ್ಳುತ್ತೇನೆಂದು ಎರಡು ತಿಂಗಳಿನಿಂದ ಹಟ ಹಿಡಿದಿದ್ದಾಳೆ. "ಕೂದಲು ನಂದು ತಾನೆ ಅಜ್ಜಿ?" ಎಂದರೆ, "ನಿಂದ ಅದ. ಎಣ್ಣಿ ಹಚ್ಚಿ ಬೆಳಿಸಿದಾಕಿ ನಾನು" ಎಂಬ ಉತ್ತರ ಬರುತ್ತದೆ. ಇವರಿಬ್ಬರ ನಡುವೆ ಹಣಿಗೆ ಹಿಡಿದು ಕುಳಿತ ನನಗೆ, ಈ ಕೂದಲು ನಿಜವಾಗಿ ಯಾರದು ಎಂಬ ಪ್ರಶ್ನೆ ಬಂದದ್ದರಿಂದ ಈ ಲೇಖನ.

ಮೊದಲು ಅತ್ತೆಯವರ ವಾದವನ್ನು ಒಪ್ಪಿಬಿಡುತ್ತೇನೆ. ಜಡೆ ಎಂಬುದು ಸಂಸ್ಕೃತದ ಜಟಾ ಶಬ್ದದ ತದ್ಭವ. ಶಿವನ ತಲೆಯಲ್ಲಿ, ತಪಸ್ವಿಗಳ ತಲೆಯಲ್ಲಿ ಗಂಟುಗಟ್ಟಿದ ಕೂದಲಿಗೆ ಇದ್ದ ಹೆಸರು ನಮ್ಮ ಕಡೆ ಹೆಣ್ಣುಮಕ್ಕಳ ಬೆನ್ನಿಗೆ ಬಂದು ಕುಳಿತಿದೆ. ಹೆರಳು ನಮ್ಮದೇ ಮಾತು. ತುರುಬು, ಮುಡಿ, ಕುರುಳು ಎಂದು ಕನ್ನಡದಲ್ಲಿ ಇನ್ನೂ ಎಷ್ಟೋ ಇವೆ. ಇದಕ್ಕಿಂತ ಸೊಗಸಾದದ್ದು ನಮ್ಮ ಕ್ರಿಯಾಪದಗಳು. ಸೀರೆಯನ್ನು ಉಡುತ್ತೇವೆ, ಒಡವೆಯನ್ನು ತೊಡುತ್ತೇವೆ, ಕುಂಕುಮವನ್ನು ಇಡುತ್ತೇವೆ, ಹೂವನ್ನು ಮುಡಿಯುತ್ತೇವೆ. ತಲೆಗೆ ಹೂವಿಡುವ ಒಂದೇ ಕೆಲಸಕ್ಕೆ ಬೇರೆ ಕ್ರಿಯಾಪದವನ್ನೇ ಇಟ್ಟುಕೊಂಡಿರುವ ಜನ ನಾವು. ಮರಾಠಿಯಲ್ಲಿ ವೇಣಿ ಎಂದರೆ ಹೆಣೆದ ಕೂದಲೂ ಹೌದು, ಅದಕ್ಕೆ ಮುಡಿಯುವ ಹೂವಿನ ದಂಡೆಯೂ ಹೌದು. ಆದ್ದರಿಂದ ವಹಿನಿಯವರೂ ನಮ್ಮಿಂದ ಬಹಳ ದೂರವಿಲ್ಲ.

ಕಾವ್ಯಗಳಲ್ಲಿ ಕೂದಲು ಬರೀ ಸಿಂಗಾರದ ವಸ್ತುವಲ್ಲ. ತುಂಬಿದ ಸಭೆಯಲ್ಲಿ ಹಿಡಿದೆಳೆದ ದ್ರೌಪದಿಯ ಮುಡಿಯ ಸೇಡೇ ಹತ್ತನೆಯ ಶತಮಾನದ ರನ್ನನ ಗದಾಯುದ್ಧದ ಒಳಗಿನ ಕಿಚ್ಚು. ಅದಕ್ಕೂ ಹಿಂದೆ ಭಟ್ಟನಾರಾಯಣ ತನ್ನ ಸಂಸ್ಕೃತ ನಾಟಕಕ್ಕೆ ವೇಣೀಸಂಹಾರ, ಅಂದರೆ ಬಿಚ್ಚಿದ ಹೆರಳನ್ನು ಕಟ್ಟುವುದು, ಎಂದೇ ಹೆಸರಿಟ್ಟ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಕೌಶಿಕನ ಅರಮನೆಯಿಂದ ಎಲ್ಲವನ್ನೂ ಬಿಟ್ಟು ಹೊರಟಾಗ ಕೂದಲನ್ನೇ ಹೊದಿಕೆ ಮಾಡಿಕೊಂಡಳೆಂದು ನಮ್ಮ ಜನ ನಂಬುತ್ತಾರೆ. ಚಿತ್ರಕಾರರೂ ಅವಳನ್ನು ಹಾಗೆಯೇ ಬರೆಯುತ್ತಾರೆ.

ನಮ್ಮ ಊರಿನ ಕಡೆಯದೇ ಆದ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಅಲ್ಲಿಯ ಮದನಿಕೆಯರಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ಎಲ್ಲರೂ ಬಲ್ಲರು. ಮಿಂದು ಬಂದು ಕೂದಲನ್ನು ಹಿಂಡಿಕೊಳ್ಳುವವಳೂ ಒಬ್ಬಳಿದ್ದಾಳೆ. ಹಿಂದಿನ ವರ್ಷ ಮಗಳೊಂದಿಗೆ ಹೋದಾಗ ಕತ್ತು ನೋಯುವಷ್ಟು ಹೊತ್ತು ನೋಡಿದೆ. ನನ್ನ ಕಣ್ಣಿಗೆ ಬಿದ್ದವರದೆಲ್ಲ ಹೆಚ್ಚಾಗಿ ತುರುಬು, ಗಂಟು. ನಮ್ಮಂತೆ ಮೂರೆಳೆಯ ಜಡೆಯನ್ನು ಬೆನ್ನ ಮೇಲೆ ಇಳಿಬಿಟ್ಟವರು ಸುಲಭವಾಗಿ ಸಿಗಲಿಲ್ಲ. "ನೋಡಿದ್ಯಾ, ಅವರಿಗೂ ಜಡೆ ಇಲ್ಲ" ಎಂದು ಮಗಳು ಅಲ್ಲಿಯೂ ತನ್ನ ವಾದಕ್ಕೆ ಸಾಕ್ಷಿ ಹುಡುಕಿದಳು.

ಜಡೆಯ ವೈಭವವನ್ನು ಕಾಣಬೇಕಾದರೆ ಶಿಲ್ಪಕ್ಕಿಂತ ಹಳೆಯ ಫೋಟೋ ಆಲ್ಬಮ್‌ಗಳನ್ನು ತೆರೆಯಬೇಕು. ಬೇಸಿಗೆಯಲ್ಲಿ ಮಲ್ಲಿಗೆ ಅಗ್ಗವಾದಾಗ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲಿತ್ತು. ಇನ್ನೂ ಅರಳದ ಮೊಗ್ಗುಗಳನ್ನು ಒಂದೇ ಅಳತೆಯವು ನೋಡಿ ಆರಿಸಬೇಕು. ಬಾಳೆಪಟ್ಟೆಯನ್ನೋ ರಟ್ಟನ್ನೋ ಜಡೆಯ ಉದ್ದಕ್ಕೆ ಕತ್ತರಿಸಿ, ಸೂಜಿದಾರದಿಂದ ಮೊಗ್ಗುಗಳನ್ನು ಸಾಲುಸಾಲಾಗಿ ಅದರ ಮೇಲೆ ಹೊಲಿಯಬೇಕು. ನಡುನಡುವೆ ಕನಕಾಂಬರ, ಮರುಗ. ಮೇಲೆ ನೆತ್ತಿಯ ಹತ್ತಿರ ರಾಗಟೆ, ತುದಿಗೆ ಕುಚ್ಚು. ಕೂದಲು ಸಾಲದ ಹುಡುಗಿಗೆ ಚೌರಿ ಸೇರಿಸಿ ಉದ್ದ ಮಾಡುತ್ತಿದ್ದರು. ಮಲೆನಾಡಿನ ಕಡೆ ಕೇದಗೆಯ ಎಸಳನ್ನು ಮಡಿಸಿ ಜಡೆಗೆ ಹೊಂದಿಸುವುದೂ ಉಂಟು. ಇಷ್ಟೆಲ್ಲ ಆಗುವಾಗ ಹುಡುಗಿ ಮೂರು ತಾಸು ಕತ್ತು ಬಗ್ಗಿಸಿ ಕೂರಬೇಕು. ಆಮೇಲೆ ಒರಗುವಂತಿಲ್ಲ, ಮಲಗುವಂತಿಲ್ಲ. ಸಂಜೆ ಮೊಗ್ಗು ಬಿರಿದಾಗ ಮನೆಯೆಲ್ಲ ಘಮಘಮ.

ಫೋಟೋ ತೆಗೆಯುವುದರಲ್ಲಿ ಒಂದು ತೊಡಕಿತ್ತು. ಮುಖ ಮುಂದೆ, ಜಡೆ ಹಿಂದೆ. ಸ್ಟುಡಿಯೋದವರು ಹುಡುಗಿಯ ಹಿಂದೆ ಆಳೆತ್ತರದ ಕನ್ನಡಿ ನಿಲ್ಲಿಸಿ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿದರು. ಬಿ.ಎಸ್ಸಿ. ಓದಿದವಳಾದ್ದರಿಂದ ಈ ಉಪಾಯದ ಬಗ್ಗೆ ನನಗೆ ಗೌರವವಿದೆ. ಕನ್ನಡಿಯನ್ನು ಸ್ವಲ್ಪ ಓರೆ ಇಡದಿದ್ದರೆ ಕ್ಯಾಮರಾವೇ ಚಿತ್ರದಲ್ಲಿ ಬಂದುಬಿಡುತ್ತದೆ. ಜಡೆ ಕನ್ನಡಿಯಿಂದ ಎಷ್ಟು ಮುಂದಿದೆಯೋ ಅದರ ಬಿಂಬ ಅಷ್ಟೇ ಹಿಂದಿರುವುದರಿಂದ, ಮುಖ ಮತ್ತು ಬಿಂಬ ಎರಡೂ ಸ್ಪಷ್ಟವಾಗಬೇಕಾದರೆ ಮಸೂರದ ಕಿಂಡಿಯನ್ನು ಕಿರಿದು ಮಾಡಬೇಕು. ಕಿಂಡಿ ಕಿರಿದಾದರೆ ಬೆಳಕು ಸಾಲದು, ಹೆಚ್ಚು ಹೊತ್ತು ತೆರೆದಿಡಬೇಕು. ಅದಕ್ಕೇ "ಅಲುಗಾಡಬೇಡ ಪುಟ್ಟಿ" ಎಂಬ ಗದರಿಕೆ. ಆ ಫೋಟೋಗಳಲ್ಲಿ ಮಕ್ಕಳೆಲ್ಲ ಬೆದರಿದ ಮುಖದಲ್ಲಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

1967ರ ಬೇಸಿಗೆಯಲ್ಲಿ ತೆಗೆಸಿದ ನನ್ನ ತಾಯಿಯ ಅಂಥ ಫೋಟೋ ನನ್ನಲ್ಲಿದೆ. ಆಗ ಅವರಿಗೆ ಹತ್ತು ವರ್ಷ. ಅದೇ ದಿನ ತೆಗೆಸಿದ ಮನೆಮಂದಿಯ ಇನ್ನೊಂದು ಚಿತ್ರವೂ ಇದೆ. ಅದರಲ್ಲಿ ಇಲ್ಲದವರು ಒಬ್ಬರೇ, ಅಮ್ಮನ ಅಜ್ಜಿಯ ತಂಗಿ. ಎಲ್ಲರೂ ಅವರನ್ನು ಚಿಕ್ಕಜ್ಜಿ ಎನ್ನುತ್ತಿದ್ದರು. ಹನ್ನೊಂದಕ್ಕೆ ವಿಧವೆಯಾದರು, ಮೈನೆರೆದ ಮೇಲೆ ಸಂಪ್ರದಾಯದಂತೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಹಿಂದಿನ ರಾತ್ರಿ ಮೊಗ್ಗುಗಳನ್ನು ಅಳತೆ ನೋಡಿ ಆರಿಸಿಕೊಟ್ಟವರು ಅವರೇ ಅಂತೆ. ಬೆಳಿಗ್ಗೆ ಜಡೆ ಹೆಣೆಯಲು ಕುಳಿತಾಗ, ಯಾರೂ ಹೇಳದೆ, ಎದ್ದು ಒಳಗೆ ಹೋದರಂತೆ. ಅಮ್ಮ ಇದನ್ನು ನನಗೆ ಹೇಳಿದ್ದು ಒಂದೇ ಸಲ.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಚಿಕ್ಕಜ್ಜಿ ಹಿತ್ತಿಲಿನಲ್ಲಿ ಕ್ಷೌರದವನ ಮುಂದೆ ತಲೆ ಬಗ್ಗಿಸಿ ಕೂತದ್ದು ಐವತ್ತೈದು ವರ್ಷ. ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಅಭ್ಯಾಸದಿಂದ ಒಂದು ದಿನ ಗುಣಿಸಿ ನೋಡಿದೆ. ಎಂಟು ಮೀಟರಿಗೂ ಮೇಲಾಯಿತು.

ಬ್ರಾಹ್ಮಣರಲ್ಲಿಯೂ ಅವರನ್ನು ಅನುಸರಿಸಿದ ಕೆಲವು ಜಾತಿಗಳಲ್ಲಿಯೂ ಇದ್ದ ಈ ಪದ್ಧತಿಯ ವಿರುದ್ಧ ಬರೆದವರು, ಭಾಷಣ ಮಾಡಿದವರು ಹಲವರು. ನಮ್ಮ ಕಾರ್ಕಳದ ಬಳಿಯ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು ಎಳೆಯ ವಿಧವೆಯರಿಗೆ ಆಸರೆ, ಓದು ಕೊಟ್ಟರು. ಆದರೆ ಬರಹ, ಭಾಷಣಗಳಿಂದ ಕತ್ತಿ ನಿಲ್ಲುವುದಿಲ್ಲ. ಅದನ್ನು ಹಿಡಿದ ಕೈ ನಿಲ್ಲಬೇಕು. 1890ರಲ್ಲಿ ಮುಂಬಯಿಯಲ್ಲಿ ಅದೇ ನಡೆಯಿತು. ಕ್ಷೌರಿಕರೇ ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ತಾವಿನ್ನು ಮಾಡುವುದಿಲ್ಲವೆಂದು ನಿರ್ಧರಿಸಿದರು. ಆದಾಯ ಬಿಟ್ಟುಕೊಟ್ಟದ್ದು ಬಡವರು. ಸುದ್ದಿ ಲಂಡನ್ನಿನ ಟೈಮ್ಸ್ ಪತ್ರಿಕೆಯವರೆಗೂ ಹೋಯಿತು.

ಇದರ ಹಿಂದಿದ್ದವರು ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ. ನಾವು ದಿನವೂ ಲೋಕಲ್‌ನಲ್ಲಿ ದಾಟುವ ಠಾಣೆಯಲ್ಲಿ 1848ರಲ್ಲಿ ಹುಟ್ಟಿದವರು. ದೀನಬಂಧು ಪತ್ರಿಕೆ ನಡೆಸಿದರು, ಗಿರಣಿ ಕೆಲಸಗಾರರ ಸಂಘ ಕಟ್ಟಿದರು. ಅದೇ 1890ರ ಏಪ್ರಿಲ್‌ನಲ್ಲಿ ಮಹಾಲಕ್ಷ್ಮಿಯ ಮೈದಾನದಲ್ಲಿ ಸುಮಾರು 10,000 ಗಿರಣಿ ಕೆಲಸಗಾರರನ್ನು ಸೇರಿಸಿ ವಾರಕ್ಕೊಂದು ರಜೆ ಕೇಳಿದರು. ಕೆಲಸಗಾರ ಹೆಂಗಸರಿಬ್ಬರು ಕೂಡ ಆ ಸಭೆಯಲ್ಲಿ ಮಾತನಾಡಿದರು. ಜೂನ್ 10ರಂದು ಮಾಲೀಕರು ರವಿವಾರದ ರಜೆಯನ್ನು ಒಪ್ಪಿದರು. ಸರಕಾರಿ ಕಚೇರಿಗಳಿಗೆ ಅದು ಮೊದಲೇ ಇತ್ತು. ಗುಮಾಸ್ತರಾದ ನಾವು ಆ ಹೋರಾಟದಲ್ಲಿ ಪಾಲು ಕೇಳುವಂತಿಲ್ಲ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಹೆಣ್ಣುಮಕ್ಕಳ ತಲೆಗೂದಲಿಗಾಗಿ ಓಡಾಡಿದ ಮನುಷ್ಯ, ತಾಯಂದಿರು ಮಗಳ ತಲೆಗೆ ನಿಧಾನವಾಗಿ ಎಣ್ಣೆ ಹಚ್ಚುವ ರವಿವಾರವನ್ನೂ ಗಿರಣಿಯ ಮನೆಗಳಿಗೆ ದೊರಕಿಸಿಕೊಟ್ಟರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಕತ್ತಿ ಒಂದೇ ದಿನಕ್ಕೆ ನಿಲ್ಲಲಿಲ್ಲ, ನಿಜ. ಚಿಕ್ಕಜ್ಜಿಯ ತಲೆ ಬೋಳಿಸಿದ್ದು ಇದಾದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಚಲನಚಿತ್ರ ಮಾಡಿದರು. ಆ ಕಥೆಯಲ್ಲಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ನಿಂತ ಎಳೆಯ ವಿಧವೆಯ ಪಕ್ಷ ವಹಿಸುವವರು ಬೋಳುತಲೆಯ ಮುದುಕಿ ಫಣಿಯಮ್ಮನವರೇ.

ಇತ್ತ ನಮ್ಮ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಬೆಳಗಿನ ಹೊತ್ತು ನೋಡಬೇಕು. ಮನೆಯಲ್ಲಿ ಪುರಸೊತ್ತಾಗದವರು ಹಣಿಗೆ ತೆಗೆದು ಅಲ್ಲಿಯೇ ತಲೆ ಬಾಚಿಕೊಳ್ಳುತ್ತಾರೆ. ಗಜ್ರಾ ಮಾರುವವಳು ಬರುತ್ತಾಳೆ. ಊರಿನಲ್ಲಿ ಮೊಳದ ಲೆಕ್ಕ, ಇಲ್ಲಿ ತುಂಡಿನ ಲೆಕ್ಕ. ಉಡುಪಿಯ ಕಡೆಯವರು ಮಾತ್ರ ಶಂಕರಪುರದ ಮಲ್ಲಿಗೆ ಬಂದರೆ ಇಲ್ಲಿಯೂ ಚೆಂಡು, ಅಟ್ಟೆ ಎಂದೇ ಕೇಳುತ್ತಾರೆ. ತುರುಬು, ಜಡೆ, ತುಂಡುಗೂದಲು ಎಲ್ಲವೂ ಒಂದೇ ಕಂಬಿ ಹಿಡಿದು ನಿಂತಿರುತ್ತವೆ. ವಿಧವೆಯರೂ ಅವರಲ್ಲಿರುತ್ತಾರೆ, ಯಾರೆಂದು ತಲೆ ನೋಡಿ ಹೇಳಲಾಗದು.

ಕಳೆದ ರವಿವಾರ ಆ ಎರಡೂ ಫೋಟೋಗಳನ್ನು ಮಗಳ ಮುಂದಿಟ್ಟು ಚಿಕ್ಕಜ್ಜಿಯ ವಿಷಯ ಹೇಳಿದೆ. ಅವಳ ಜಡೆ 80 ಸೆಂಟಿಮೀಟರಿನ ಆಸುಪಾಸು. ಲೆಕ್ಕದಂತೆ ತುದಿಯ ಕೂದಲು ಲಾಕ್‌ಡೌನ್ ಕಾಲದ್ದು, ಅಜ್ಜಿ ದಿನವೂ ಬಾಚುತ್ತಿದ್ದ ದಿನಗಳದ್ದು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವರನ್ನ ಯಾರೂ ಕೇಳಲೇ ಇಲ್ಲ ಅಲ್ವಾ? ನನ್ನನ್ನಾದ್ರೂ ಕೇಳಿ" ಎಂದಳು. ಅತ್ತೆಯವರು ಏನೂ ಅನ್ನಲಿಲ್ಲ. ಸಂಜೆ ಚಹಾ ಕುಡಿಯುವಾಗ, "ಕತ್ತರಿಸ್ತೀ ಅಂದ್ರ ಕತ್ತರಿಸು. ಅದಕ್ಕೂ ಮದಲ ಒಂದ್ಸಲೆ ಮಗ್ಗಿ ಹೆರಳು ಹಾಕ್ತೇನಿ, ಕೂತ್ಗೋ" ಎಂದರು. ಮಗಳು ಒಪ್ಪಿದ್ದಾಳೆ.

ಮೊಗ್ಗಿಗೆ ದಾದರಿನ ಹೂವಿನ ಮಾರುಕಟ್ಟೆಗೆ ನಾನೇ ಹೋಗಿಬರುತ್ತೇನೆ. ಬಾಳೆಪಟ್ಟೆ ಕೊಡುವವರು, ಆಳೆತ್ತರದ ಕನ್ನಡಿ ಇನ್ನೂ ಇಟ್ಟುಕೊಂಡಿರುವ ಸ್ಟುಡಿಯೋ ಯಾವುದಾದರೂ ಡೊಂಬಿವಲಿ-ಕಲ್ಯಾಣದ ಕಡೆ ಇದ್ದರೆ, ಬಲ್ಲವರು ಸಂಘದ ಕಾರ್ಯಾಲಯಕ್ಕೆ ತಿಳಿಸಬೇಕಾಗಿ ಕೋರುತ್ತೇನೆ. ರವಿವಾರ ತೆರೆದಿರುವಂಥದಾದರೆ ಅನುಕೂಲ.