ಒಡೆದ ದನಿಯ ಮೂಲ ಎಲ್ಲಿ?

ಪಕ್ಕದಲ್ಲಿ ಹಾದುಹೋದ ಕಾರಿನಿಂದ ಹೊಮ್ಮಿದ ತಗ್ಗು ಸ್ವರ ಎದೆಗೇ ಬಡಿದ ಅನುಭವ ನಿಮಗೂ ಆಗಿರಬಹುದು. ಕೆಲವೊಮ್ಮೆ ಆ ಸ್ವರ ತುಂಬಿ ಬರುವ ಬದಲು ಒಡೆದು ಗರಗರ ಎನ್ನುತ್ತದೆ. ಸಬ್‌ವೂಫರ್ ಕೆಟ್ಟಿತೆಂದು ಹಲವರು ಹೊಸದನ್ನು ಕೊಳ್ಳುತ್ತಾರೆ. ದೋಷ ಬೇರೆಡೆ ಇದ್ದರೆ ಹೊಸದೂ ಗರಗರ ಎನ್ನುತ್ತದೆ. ಅದರ ಸುರುಳಿ ಸುಟ್ಟರೂ ಸುಟ್ಟೀತು. ಹಾಗಾದರೆ ದೋಷವನ್ನು ಎಲ್ಲಿ ಹುಡುಕಬೇಕು? ಸ್ಪೀಕರಿನ ಇತಿಹಾಸವೇ ದಾರಿ ತೋರಿಸುತ್ತದೆ.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್, ಕಹಳೆಯಿಲ್ಲದ ಸ್ಪೀಕರನ್ನು ವಿವರಿಸಿದರು. ಕಾಂತಕ್ಷೇತ್ರದಲ್ಲಿ ಚಲಿಸುವ ಸುರುಳಿ ಒಂದು ಶಂಕುವನ್ನು ಅಲುಗಿಸುವುದೇ ಅದರ ತತ್ತ್ವ. ಇಂದಿನ ಸಬ್‌ವೂಫರ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಇಲ್ಲೊಂದು ತೊಡಕಿದೆ. ಧ್ವನಿಯ ಮಟ್ಟ ಅಷ್ಟೇ ಇರಬೇಕಾದರೆ, ಆವೃತ್ತಿ ಅರ್ಧಕ್ಕಿಳಿದಾಗ ಶಂಕುವಿನ ಚಲನೆ ನಾಲ್ಕು ಪಟ್ಟಾಗಬೇಕು. 80 ಹರ್ಟ್ಸ್‌ನಲ್ಲಿ 2 ಮಿ.ಮೀ. ಅಲುಗುವ ಶಂಕು 40 ಹರ್ಟ್ಸ್‌ನಲ್ಲಿ 8 ಮಿ.ಮೀ. ಅಲುಗಬೇಕು. ಸುರುಳಿ ಕಾಂತದ ಅಂತರದಿಂದ ಹೊರಬಿದ್ದರೆ ಬಲ ಕುಗ್ಗಿ ದನಿ ಒಡೆಯುತ್ತದೆ.

ಎರಡನೆಯ ಅಧ್ಯಾಯ ಆಂಪ್ಲಿಫೈಯರಿನದು. 1927ರ ಆಗಸ್ಟ್ 2ರಂದು ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ಹಡಗಿನಲ್ಲಿದ್ದಾಗ, ಕೈಯಲ್ಲಿದ್ದ ದಿನಪತ್ರಿಕೆಯ ಮೇಲೆಯೇ ಋಣ ಪುನರ್ಭರಣದ ಚಿತ್ರ ಬರೆದರು. ಔಟ್‌ಪುಟ್‌ನ ಒಂದಂಶವನ್ನು ಮರಳಿಸಿ ಇನ್‌ಪುಟ್‌ನಿಂದ ಕಳೆದರೆ ವಿಕೃತಿ ತಗ್ಗುತ್ತದೆ. ಆದರೆ ವಿದ್ಯುತ್ ಮೂಲ ಕೊಡುವುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಈ ಉಪಾಯವೂ ತರಲಾರದು. ಬೇಡಿಕೆ ಮಿತಿ ಮೀರಿದಾಗ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಆಗ 50 ಹರ್ಟ್ಸ್ ಸ್ವರದೊಂದಿಗೆ 150, 250 ಹರ್ಟ್ಸ್‌ಗಳೂ ಹುಟ್ಟುತ್ತವೆ.

ಲೆಕ್ಕ ಹಾಕಿ ನೋಡಿ: 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ, ಸೇತು ಜೋಡಣೆಯಲ್ಲಿ, 4 ಓಮ್ ಸ್ಪೀಕರಿಗೆ ಸಿಗುವ ಶುದ್ಧ ಸೈನ್ ಅಲೆಯ ಸಾಮರ್ಥ್ಯ 12²÷(2×4), ಅಂದರೆ 18 ವ್ಯಾಟ್ ಮಾತ್ರ. ಅದಕ್ಕೇ ದೊಡ್ಡ ಆಂಪ್ಲಿಫೈಯರುಗಳ ಒಳಗೆ ವೋಲ್ಟೇಜನ್ನು ಏರಿಸುವ ಮಂಡಲವಿರುತ್ತದೆ. ಅದು ಬ್ಯಾಟರಿಯಿಂದ ಭಾರೀ ಪ್ರವಾಹವನ್ನು ಎಳೆಯುತ್ತದೆ. ತಂತಿಯಲ್ಲಿ 0.02 ಓಮ್ ರೋಧವಿದ್ದರೂ 50 ಆಂಪಿಯರ್‌ಗೆ 1 ವೋಲ್ಟ್ ನಷ್ಟ!

ಮೂರನೆಯದು ಪೆಟ್ಟಿಗೆ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಪೆಟ್ಟಿಗೆ ಮತ್ತು ಸ್ಪೀಕರುಗಳ ಹೊಂದಾಣಿಕೆಯನ್ನು ಗಣಿತಕ್ಕೆ ಒಳಪಡಿಸಿದರು. ಕಿಂಡಿಯುಳ್ಳ ಪೆಟ್ಟಿಗೆಯಲ್ಲಿ, ಅದರ ಶ್ರುತಿಗಿಂತ ಕೆಳಗಿನ ಸ್ವರಗಳಿಗೆ ಗಾಳಿಯ ತಡೆ ಇಲ್ಲವಾಗಿ ಶಂಕು ಹತೋಟಿ ತಪ್ಪುತ್ತದೆ.

ಈಗ ಪರೀಕ್ಷೆಗೆ ಬನ್ನಿ. ಸಣ್ಣ ದನಿಯಲ್ಲೂ ಕೆರೆತ ಕೇಳಿಸಿದರೆ ಸುರುಳಿ ಉಜ್ಜುತ್ತಿರಬಹುದು, ಇಲ್ಲವೇ ಶಂಕುವಿನ ಅಂಚು ಹರಿದಿರಬಹುದು. ದೊಡ್ಡ ದನಿಯಲ್ಲಿ ಮಾತ್ರ ಕೇಳಿಸಿದರೆ, ತಗ್ಗು ಸ್ವರ ಬಂದಾಗ ಆಂಪ್ಲಿಫೈಯರಿನ ವಿದ್ಯುತ್ ಪೂರೈಕೆಯ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ವೋಲ್ಟೇಜ್ ತುಂಬ ಕುಸಿದರೆ ತಂತಿ, ಭೂಸಂಪರ್ಕ, ಬ್ಯಾಟರಿಗಳನ್ನು ಪರಿಶೀಲಿಸಿ. ಕುಸಿಯದಿದ್ದರೆ ಗೇನ್ ಮತ್ತು ಬಾಸ್ ಬೂಸ್ಟ್ ತಗ್ಗಿಸಿ. ಅತಿ ತಗ್ಗಿನ ಸ್ವರಗಳನ್ನು ಶೋಧಿಸಿ ತೆಗೆದಾಗ ಮಾತ್ರ ಗರಗರ ನಿಂತರೆ ಪೆಟ್ಟಿಗೆಯ ಕಡೆ ನೋಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶ ಬರೆದಿಡಿ. ತರಗತಿಯ ಪ್ರಯೋಗಾಲಯದಲ್ಲಿ ನಾವು ಕಲಿಸುವುದೂ ಇದನ್ನೇ ಅಲ್ಲವೇ?