ವಾಷಿಂಗ್ ಮಷಿನ್ ಸೋರುತ್ತಿದೆಯೇ? ಮೊದಲು ‘ಯಾವಾಗ’ ಅಂತ ನೋಡಿ

ಗೋಕಾಕ/ಮೂಡಲಗಿ/ಹುಕ್ಕೇರಿ: ಫ್ರಂಟ್ ಲೋಡ್ ಮಷಿನ್ ಕೆಳಗೆ ನೀರು ಕಂಡರೆ ಒದ್ದೆ ನೆಲದ ಮೇಲೆ ನಿಂತು ಪ್ಲಗ್ ಮುಟ್ಟಬೇಡಿ. ಮೊದಲು ಮನೆಯ ಮೇನ್ ಸ್ವಿಚ್ ಬಂದ್ ಮಾಡಿ, ಆಮೇಲೆ ಪ್ಲಗ್ ತೆಗೆದು ನಳ ಬಂದ್ ಮಾಡಿ.

ಯಾವಾಗ ಸೋರುತ್ತೆ ಅನ್ನೋದೇ ಗುರುತು. ನೀರು ತುಂಬುವಾಗ ಸೋರಿದರೆ ಹಿಂದಿನ ಇನ್‌ಲೆಟ್ ಪೈಪಿನ ವಾಷರ್ ಹೋಗಿರಬಹುದು, ಇಲ್ಲವೇ ಪೌಡರ್ ಹಾಕುವ ಡ್ರಾಯರ್ ಕಟ್ಟಿರಬಹುದು. ನೀರು ಹೊರಹೋಗುವಾಗ ಸೋರಿದರೆ ಡ್ರೇನ್ ಪೈಪ್ ಅಥವಾ ಪಂಪಿನ ಫಿಲ್ಟರ್ ನೋಡಿ. ಫಿಲ್ಟರ್ ತಿರುವುವ ಮೊದಲು ಕೆಳಗೆ ಪರಾತ ಇಡಿ. ಒಳಗೆ ಚಿಲ್ಲರೆ, ಗುಂಡಿ, ಪಿನ್ನು ಸಿಗೋದು ಸಾಮಾನ್ಯ.

ಒಗೆಯುವಾಗ ಬಾಗಿಲಿನಿಂದ ಇಳಿದರೆ ಗ್ಯಾಸ್ಕೆಟ್ ರಬ್ಬರಿನ ಮಡಿಕೆ ಬಿಡಿಸಿ ನೋಡಿ. ಕೂದಲು, ಬಿಳಿ ಪೊರೆ ಕೂತಿದ್ದರೆ ಒದ್ದೆ ಅರಿವೆಯಿಂದ ಒರೆಸಿದರೆ ಸಾಕು. ಗಡಸು ಬೋರ್ ನೀರಿದ್ದ ಮನೆಯಲ್ಲಿ ಈ ಪೊರೆ ಬೇಗ ಕಟ್ಟುತ್ತೆ. ಕೈಯಿಂದ ಒಗೆಯುವ ಪೌಡರ್ ಹಾಕಿದರೂ ನೊರೆ ಉಕ್ಕಿ ಹೊರಬರುತ್ತೆ. ರಬ್ಬರ್ ಹರಿದಿದ್ದರೆ ಗಮ್ ಹಚ್ಚಿ ಪ್ರಯೋಜನವಿಲ್ಲ, ಬದಲಿಸಲೇಬೇಕು. ಅಂಗಡಿಗೆ ಹೋಗುವಾಗ ಮಾಡೆಲ್ ನಂಬರಿನ ಫೋಟೊ ಒಯ್ಯಿರಿ. ಎಲ್ಲಕ್ಕೂ ಒಂದೇ ಅಳತೆ ಬರಲ್ಲ.

2019ರ ಆಗಸ್ಟ್ ಪ್ರವಾಹದಂತೆ ಮನೆಯೊಳಗೆ ನೀರು ನುಗ್ಗಿ ಮಷಿನ್ ಮುಳುಗಿದ್ದರೆ ಮಾತು ಬೇರೆ: ಮೆಕ್ಯಾನಿಕ್ ಬಿಚ್ಚಿ ನೋಡುವವರೆಗೆ ಪ್ಲಗ್ ಹಾಕಲೇಬೇಡಿ.